ಬೆಟ್ಟವನ್ನು ಏರಿದರೆ ಸಾಲದು, ಸುತ್ತಬೇಕು

ಸೋಲೂರಿನವರಿಗೆ ಬೆಟ್ಟವೆಂದರೆ ಎರಡು ದಿಕ್ಕಿನ ಮಾತು. ಉತ್ತರಕ್ಕೆ ಶಿವಗಂಗೆ, ದಕ್ಷಿಣಕ್ಕೆ ಮಾಗಡಿಯಾಚೆ ಸಾವನದುರ್ಗ. ರಜೆ ಬಂತೆಂದರೆ ಎರಡಕ್ಕೂ ಬೆಂಗಳೂರಿನ ಜನ ಹರಿದುಬರುತ್ತಾರೆ. ಬಂಡೆಯನ್ನು ನೆಟ್ಟಗೆ ಏರಿ, ತುದಿಯಲ್ಲಿ ಚಿತ್ರ ತೆಗೆದುಕೊಂಡು, ಮಧ್ಯಾಹ್ನದೊಳಗೆ ಇಳಿದುಹೋಗುತ್ತಾರೆ. 1,226 ಮೀಟರ್ ಎತ್ತರದ ಸಾವನದುರ್ಗವನ್ನು ಹೀಗೆ ಏರಿ ಇಳಿದವರು ಬಂಡೆಯನ್ನು ಕಂಡಿದ್ದಾರೆಯೇ ಹೊರತು ಬೆಟ್ಟವನ್ನಲ್ಲ ಎಂಬುದು ನಮ್ಮ ಅಭಿಪ್ರಾಯ.

ಬೆಟ್ಟವನ್ನು ಕಾಣಬೇಕಾದರೆ ಅದರ ಬುಡವನ್ನು ಬಳಸಿಕೊಂಡು, ಕಾಡಿನೊಳಗೆ ಒಂದು ಇಡೀ ದಿನ ನಡೆಯಬೇಕು. ಕರಿಗುಡ್ಡ, ಬಿಳಿಗುಡ್ಡಗಳ ಬೋಳು ಮೈಮೇಲೆ ಬಿದ್ದ ಮಳೆ ತಗಡಿನ ಮಾಡಿನ ಮೇಲೆ ಬಿದ್ದಂತೆ ಕ್ಷಣದಲ್ಲಿ ಜಾರಿಬಿಡುತ್ತದೆ. ಅದನ್ನು ತಡೆದು ನೆಲಕ್ಕೆ ಇಂಗಿಸಿ, ಉಳಿದುದನ್ನು ಹಳ್ಳಗಳ ಮೂಲಕ ಅರ್ಕಾವತಿಯತ್ತ ಮೆಲ್ಲಗೆ ಕಳುಹಿಸುವುದು ಬುಡದ ಕುರುಚಲು ಕಾಡು ಮತ್ತು ಅದರ ತರಗೆಲೆ. ‘ಕುರುಚಲು’ ಎಂದೊಡನೆ ಅನೇಕರು ಅದನ್ನು ಬೀಳುಭೂಮಿಯೆಂದೇ ಎಣಿಸುತ್ತಾರೆ! ದಕ್ಷಿಣ ಭಾರತವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಳದಿ ಕೊರಳಿನ ಪಿಕಳಾರ ಹಕ್ಕಿ ಬದುಕಿರುವುದು ಇಂಥ ಬಂಡೆಗುಡ್ಡಗಳ ಪೊದೆಗಳಲ್ಲಿಯೇ. ಕರಡಿ, ಚಿರತೆಗಳಿಗೂ ಇದೇ ಮನೆ.

1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ವಶದಲ್ಲಿದ್ದ ಈ ದುರ್ಗಕ್ಕೆ ಮುತ್ತಿಗೆ ಹಾಕಿದಾಗ, ಗೋಡೆಗೆ ಗುಂಡು ಹೊಡೆಯುವ ಮೊದಲು ಫಿರಂಗಿ ಸಾಗಿಸಲು ಕಾಡು ಕಡಿದು ದಾರಿ ಮಾಡಬೇಕಾಯಿತು. ಕಲ್ಲಿನ ಕೋಟೆಗೆ ಕಾಡೇ ಹೊರಕೋಟೆಯಾಗಿತ್ತು. ಇಂದು ಆ ಹೊರಕೋಟೆಯನ್ನು ಒಡೆಯಲು ಫಿರಂಗಿ ಬೇಡ, ಒಂದು ಬೀಡಿ ತುಂಡು ಸಾಕು. ಎಲೆ ಉದುರಿದ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇಲ್ಲಿಗೆ ಚಾರಣ ಬೇಡವೆಂದೇ ನಾವು ಹೇಳುತ್ತೇವೆ. ಮಳೆ ಹಿಂದಾದ ಮೇಲೆ, ಜನವರಿ ಮುಗಿಯುವುದರೊಳಗೆ ಹೋಗಬೇಕು. ನಸುಕಿಗೆ ಹೊರಟು, ಕುಡಿಯುವ ನೀರನ್ನು ಮನೆಯಿಂದಲೇ ಹೊತ್ತು, ಕರಡಿ ಅಡ್ಡಾಡುವ ಸಂಜೆಗೆ ಮುನ್ನ ಹೊರಬರಬೇಕು.

ಕಾದಿಟ್ಟ ಅರಣ್ಯಕ್ಕೆ ಕಾಲಿಡಲು ಇಲಾಖೆಯ ಅನುಮತಿ ಬೇಕೆಂಬುದು ಸರಿಯೇ. 2024ರ ಜನವರಿ ಕೊನೆಯಲ್ಲಿ ಕುಮಾರಪರ್ವತಕ್ಕೆ ಜನ ನುಗ್ಗಿದ ಬಳಿಕ, ಅದೇ ವರ್ಷ ಸರ್ಕಾರವು ಚಾರಣಕ್ಕೆ ಆನ್‌ಲೈನ್ ನೋಂದಣಿಯನ್ನೂ ದಿನದ ಮಿತಿಯನ್ನೂ ತಂದಿತು. ಮಿತಿ ಬೇಕಿತ್ತು, ಸ್ವಾಗತಾರ್ಹ. ಆದರೆ ಇದೇ ಜಾಡಿನಲ್ಲಿ ದನ ಅಟ್ಟಿಕೊಂಡು ಹೋದವನಿಗೆ ಆ ವ್ಯವಸ್ಥೆಯಲ್ಲಿ ಜಾಗವೆಲ್ಲಿ? ನಗರದವನು ಹಣ ಕಟ್ಟಿ ಅತಿಥಿಯಾಗುತ್ತಾನೆ. ಊರಿನವನು ಅದೇ ದಾರಿಯಲ್ಲಿ ಅತಿಕ್ರಮಿಯಾಗುತ್ತಾನೆ. ಬೆಂಕಿ ಕಂಡಾಗ ಹಸಿರು ಸೊಪ್ಪು ಹಿಡಿದು ಮೊದಲು ಓಡಬೇಕಾದವನು ಅವನೇ ಅಲ್ಲವೇ? ಬುಡದ ಊರುಗಳ ಯುವಕ ಯುವತಿಯರೇ ಮಾರ್ಗದರ್ಶಕರಾಗಲಿ, ಶುಲ್ಕದ ಒಂದು ಪಾಲು ಗ್ರಾಮ ಅರಣ್ಯ ಸಮಿತಿಗೆ ಸೇರಲಿ. ಇದಕ್ಕಾಗಿ ಗ್ರಾಮಸಭೆಗಳು ನಿರ್ಣಯ ಮಾಡಿ ಇಲಾಖೆಗೆ ಕಳುಹಿಸಬೇಕೆಂದು ಕೋರುತ್ತೇವೆ.

ವಿದ್ಯಾರ್ಥಿ ಮಿತ್ರರು ಅಧ್ಯಾಪಕರೊಡನೆ, ಅನುಮತಿ ಪಡೆದು ಈ ಸುತ್ತು ನಡೆಯಲಿ. ಯಾವ ಹಳ್ಳದಲ್ಲಿ ಡಿಸೆಂಬರಿನಲ್ಲೂ ನೀರಿತ್ತು, ಯಾವ ಇಳಿಜಾರಿನಲ್ಲಿ ಸುಟ್ಟ ಬುಡಗಳಿದ್ದವು, ಯಾವ ಜಾಡು ಲಂಟಾನದಲ್ಲಿ ಮುಚ್ಚಿಹೋಗಿತ್ತು ಎಂಬುದನ್ನು ಬರೆದು ನಮಗೆ ಕಳುಹಿಸಲಿ.