ಮರಿ ಹಾಕುವ ನಾಯಿಗೆ ವಿಮೆ

ಮುಧೋಳದ ಸುತ್ತಮುತ್ತ ಬೇಟೆನಾಯಿ ಸಾಕಿ, ಮರಿ ಮಾರಿ ಸಂಸಾರಕ್ಕೆ ನಾಲ್ಕು ಕಾಸು ಸೇರಿಸುವ ಮನೆಗಳಿವೆ. ಇಂಥ ನಾಯಿಗೆ ವಿಮೆ ಮಾಡಿಸುವಾಗ ಕಂತು ಎಷ್ಟು ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ. ಮರಿ ಮಾಡಿಸುವ ನಾಯಿ ಎಂದು ಅರ್ಜಿಯಲ್ಲೇ ಬರೆಸಿ. ಮುಚ್ಚಿಟ್ಟರೆ ಪರಿಹಾರ ಕೈತಪ್ಪೀತು.

ಎಷ್ಟೋ ಪಾಲಿಸಿಗಳಲ್ಲಿ ಬಸಿರು, ಹೆರಿಗೆಯ ತೊಂದರೆ ಸೇರಿರುವುದಿಲ್ಲ. ಹೊಟ್ಟೆ ಕುಯ್ದು ಮರಿ ತೆಗೆದರೆ ಖರ್ಚು ಕೊಡ್ತೀರಾ, ತಾಯಿ ಸತ್ತರೆ ಎಷ್ಟು, ಮರಿಗಳಿಗೂ ಉಂಟೇ ಅಂತ ಕೇಳಿ. ಬಾಯಿಮಾತು ನಂಬದೆ ಕಾಗದದಲ್ಲೇ ಓದಿಸಿಕೊಳ್ಳಿ.

ನಾಯಿಯ ಬಸಿರು ಸುಮಾರು 63 ದಿನ. ಪಾಲಿಸಿ ಬಂದ ಮೇಲೂ ಮೊದಲ ಕೆಲವು ದಿನ ಕಾಯಿಲೆಗೆ ಪರಿಹಾರ ಸಿಕ್ಕದಿರಬಹುದು. ಆದ್ದರಿಂದ ಗಂಡಿನೊಡನೆ ಕೂಡಿಸುವ ಮೊದಲೇ ವಿಮೆ ಮಾಡಿಸಿ. ಲಸಿಕೆ ಚೀಟಿ, ಪಶುವೈದ್ಯರ ಸರ್ಟಿಫಿಕೇಟು, ಫೋಟೋ ಜೋಪಾನ.

ಹೆರಿಗೆ ಸೇರಿಲ್ಲವೆಂದರೆ, ಮರಿ ಮಾರಿದ ದುಡ್ಡಿನಲ್ಲಿ ಒಂದಿಷ್ಟು ಬೇರೆ ತೆಗೆದಿಡಿ. ನಡುರಾತ್ರಿ ನೋವು ತಿನ್ನುವ ಆ ಮೂಕಪ್ರಾಣಿಗೆ ಅದೇ ಆಸರೆ.