ಸಣ್ಣ ಗಾಯ ಅಂದ್ರೆ ಸಣ್ಣ ಆಪರೇಷನ್ನಾ?

ಬೆನ್ನಿನ ಆಪರೇಷನ್ ಅಂದ್ರೆ ‘ಹಾಸಿಗೆ ಹಿಡೀತಾರೆ’ ಅನ್ನೋ ಭಯ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಜಾಹೀರಾತು ನೋಡಿದ್ರೆ ‘ಕೀಹೋಲ್, ಮರುದಿನವೇ ಮನೆಗೆ’. ನಾವು ಎರಡನ್ನೂ ಪೂರ್ತಿ ನಂಬಬಾರದು.

1997ರಲ್ಲಿ ಫೋಲಿ ಮತ್ತು ಸ್ಮಿತ್ ತೋರಿಸಿದ ವಿಧಾನ ಎಂಜಿನಿಯರಿಂಗ್‌ನವರಿಗೆ ಇಷ್ಟವಾಗುವಂಥದ್ದು: ಸ್ನಾಯುವನ್ನು ಮೂಳೆಯಿಂದ ಬಿಡಿಸದೆ, ಒಂದರ ಮೇಲೊಂದು ಕೂರುವ ಕೊಳವೆಗಳಿಂದ ನಿಧಾನಕ್ಕೆ ಸರಿಸಿ, ಸುಮಾರು 2 ಸೆಂ.ಮೀ. ದಾರಿಯಲ್ಲೇ ನರ ಒತ್ತುತ್ತಿರುವ ಡಿಸ್ಕ್ ಚೂರನ್ನು ತೆಗೆಯೋದು. ಬೇಗ ಎದ್ದು ಓಡಾಡಬಹುದು, ನಿಜ. ಆದ್ರೆ ವರ್ಷದ ನಂತರ ನೋಡಿದ್ರೆ ಹಳೇ ಮೈಕ್ರೋಸರ್ಜರಿಗೂ ಇದಕ್ಕೂ ಭಾರೀ ವ್ಯತ್ಯಾಸವಿಲ್ಲ.

ಹಾಗಾಗಿ ಅಪ್ಪನ ಎಂಆರ್‌ಐ ಹಿಡಿದು ಹೋದಾಗ ‘ಆಪರೇಷನ್ ಈಗಲೇ ಬೇಕಾ’ ಅಂತ ಮೊದಲು ಕೇಳೋಣ. ಡಿಸ್ಕ್ ಜಾರಿ ಕಾಲಿಗಿಳಿದ ನೋವು ಹೆಚ್ಚಿನವರಿಗೆ 6ರಿಂದ 12 ವಾರಗಳಲ್ಲಿ ತಾನಾಗೇ ತಗ್ಗುತ್ತೆ. ಕಾಲು ಬಲ ಕಳ್ಕೊಂಡ್ರೆ, ಮೂತ್ರದ ಹಿಡಿತ ತಪ್ಪಿದ್ರೆ ಮಾತ್ರ ಒಂದು ದಿನವೂ ಕಾಯೋ ಹಾಗಿಲ್ಲ.