ತಲೆಗೆ ಬಂದದ್ದು ಮುಂಡಾಸಿಗೆ ಹೋದಾಗ

ಅಪಾಯವೊಂದು ಕೂದಲೆಳೆಯ ಅಂತರದಲ್ಲಿ ತಪ್ಪಿಹೋದಾಗ, "ತಲೆಗೆ ಬಂದದ್ದು ಮುಂಡಾಸಿಗೆ ಹೋಯಿತು" ಎಂದು ನಿಟ್ಟುಸಿರು ಬಿಟ್ಟು ಮರೆತುಬಿಡುವುದು ಮನುಷ್ಯಸ್ವಭಾವ. ನಿತ್ಯಜೀವನದಲ್ಲಿ ಈ ಮರೆವನ್ನು ಕ್ಷಮಿಸಬಹುದು. ಆದರೆ ಆಕಾಶಯಾನದಲ್ಲಿ ಅದಕ್ಕೆ ತೆರಬೇಕಾದ ಬೆಲೆ ಬಹಳ ದೊಡ್ಡದು. ತಪ್ಪಿಹೋದ ಅಪಘಾತವನ್ನೂ ನಡೆದ ಅಪಘಾತದಷ್ಟೇ ಶ್ರದ್ಧೆಯಿಂದ ಪರಿಶೀಲಿಸಬೇಕೆಂಬುದು ಈ ಲೇಖನದ ವಾದ.

2021ನೆಯ ಇಸವಿ ಮೇ 12ರಂದು ಅಮೆರಿಕದ ಕೊಲರಾಡೊ ಸಂಸ್ಥಾನದ ಸೆಂಟೆನಿಯಲ್ ವಿಮಾನ ನಿಲ್ದಾಣದ ಸಮೀಪದಲ್ಲಿ ನಡೆದುದನ್ನು ನೋಡಿ. ಅಲ್ಲಿ ಅಕ್ಕಪಕ್ಕದಲ್ಲಿಯೇ ಇರುವ ಎರಡು ಸಮಾಂತರ ಓಡುದಾರಿಗಳಿಗೆ ಎರಡು ಸಣ್ಣ ವಿಮಾನಗಳು ಇಳಿಯಲು ಬರುತ್ತಿದ್ದವು. ಒಂದು, ಸಿರಸ್ ಎಂಬ ಒಂಟಿ ಎಂಜಿನಿನ ವಿಮಾನ. ಮತ್ತೊಂದು, ಮೆಟ್ರೊಲೈನರ್ ಎಂಬ ಜೋಡಿ ಎಂಜಿನಿನದು. ಸಿರಸ್ ತನ್ನ ಕೊನೆಯ ತಿರುವಿನಲ್ಲಿ ನಿಗದಿತ ರೇಖೆಯನ್ನು ದಾಟಿಹೋಗಿ ಮೆಟ್ರೊಲೈನರಿನ ಬೆನ್ನನ್ನು ಸೀಳಿತು. ಸಿರಸ್ಸಿನಲ್ಲಿದ್ದ ಇಬ್ಬರು ಇಡೀ ವಿಮಾನವನ್ನೇ ಹೊರುವ ಪ್ಯಾರಾಚೂಟಿನ ನೆರವಿನಿಂದ ನೆಲ ಸೇರಿದರು. ಮೆಟ್ರೊಲೈನರಿನ ಏಕಾಂಗಿ ಚಾಲಕನು, ಮೈಯಲ್ಲಿ ಹೆಬ್ಬಾಗಿಲಿನಂಥ ತೂತು ಬಿದ್ದ ವಿಮಾನವನ್ನು ಸುರಕ್ಷಿತವಾಗಿ ಇಳಿಸಿದನು. ಮೂವರಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ.

ಇದನ್ನು ಪವಾಡವೆಂದು ಕರೆದು ಸುಮ್ಮನಾಗಬಹುದಾಗಿತ್ತು. ಆದರೆ ಆ ದೇಶದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ಕಾರಣಗಳನ್ನು ಹುಡುಕಿತು. ಸಿರಸ್ ತಿರುವಿನಲ್ಲಿ ಗೊತ್ತಾದ ವೇಗಕ್ಕಿಂತ ಹೆಚ್ಚು ವೇಗದಲ್ಲಿತ್ತು. ಅದರ ಇರವನ್ನು ಮೆಟ್ರೊಲೈನರಿನ ಚಾಲಕನಿಗೆ ನಿಯಂತ್ರಕರು ತಿಳಿಸಿರಲಿಲ್ಲ. ವೇಗದ ಮಾತನ್ನು ಭೌತವಿಜ್ಞಾನದ ವಿದ್ಯಾರ್ಥಿಗಳು ಸುಲಭವಾಗಿ ಗ್ರಹಿಸಬಲ್ಲರು. ವಾಲುವ ಕೋನ ಒಂದೇ ಆಗಿದ್ದರೆ ತಿರುವಿನ ತ್ರಿಜ್ಯವು ವೇಗದ ವರ್ಗಕ್ಕೆ ಅನುಪಾತವಾಗಿರುತ್ತದೆ. 30 ಡಿಗ್ರಿ ವಾಲಿ, ಸೆಕೆಂಡಿಗೆ 40 ಮೀಟರ್ ವೇಗದಲ್ಲಿ ತಿರುಗುವ ವಿಮಾನದ ತ್ರಿಜ್ಯ ಸುಮಾರು 280 ಮೀಟರ್. ವೇಗವು 60 ಮೀಟರಿಗೆ ಏರಿದರೆ ತ್ರಿಜ್ಯವು ಸುಮಾರು 635 ಮೀಟರ್ ಆಗುತ್ತದೆ. ವೇಗ ಒಂದೂವರೆ ಪಟ್ಟಾದರೆ, ತ್ರಿಜ್ಯ ಎರಡೂಕಾಲು ಪಟ್ಟು!

"ಚಾಲಕರು ಕಣ್ಣುಬಿಟ್ಟು ನೋಡಬಾರದಾಗಿತ್ತೆ?" ಎಂದು ಕೆಲವರು ಕೇಳಿಯಾರು. ಇಲ್ಲಿಯೇ ಪ್ರಕೃತಿಯ ಒಂದು ಕುಟಿಲತೆಯುಂಟು. ಎರಡು ವಿಮಾನಗಳು ಒಂದೇ ವೇಗ, ಒಂದೇ ದಿಕ್ಕು ಬಿಡದೆ ನೇರವಾಗಿ ಹಾರುತ್ತ ಒಂದೇ ಬಿಂದುವನ್ನು ಏಕಕಾಲದಲ್ಲಿ ಸೇರುವಂತಿದ್ದರೆ, ಒಂದರಿಂದ ನೋಡಿದಾಗ ಇನ್ನೊಂದರ ದಿಕ್ಕು ಬದಲಾಗುವುದೇ ಇಲ್ಲ. ಗಾಜಿನ ಮೇಲೆ ಅಂಟಿದ ಚುಕ್ಕೆಯಂತೆ ಅದು ನಿಂತಲ್ಲಿಯೇ ನಿಂತಿರುತ್ತದೆ. ನಮ್ಮ ಕಣ್ಣಾದರೋ ಚಲಿಸುವುದನ್ನು ಬೇಗ ಗುರುತಿಸುತ್ತದೆ, ನಿಂತದ್ದನ್ನು ಕಡೆಗಣಿಸುತ್ತದೆ. ಆದಕಾರಣ ಪಕ್ಕಕ್ಕೆ ಸರಿದು ಹೋಗುವ ನಿರಪಾಯದ ವಿಮಾನ ಕಾಣುತ್ತದೆ. ಡಿಕ್ಕಿ ಹೊಡೆಯಲಿರುವ ವಿಮಾನ ಕಾಣದೆ ಉಳಿಯುತ್ತದೆ.

ಎದುರುಬದುರಾಗಿ, ತಲಾ ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಬರುವ ಎರಡು ವಿಮಾನಗಳನ್ನು ಊಹಿಸಿಕೊಳ್ಳಿ. ಎದುರಿನ ವಸ್ತುವನ್ನು ಕಂಡು, ಗುರುತಿಸಿ, ನಿರ್ಧರಿಸಿ, ವಿಮಾನವನ್ನು ತಿರುಗಿಸಲು ಸುಮಾರು 12.5 ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಆಡಳಿತವು ಹೇಳುತ್ತದೆ. ಅಷ್ಟು ಸಮಯ ಉಳಿದಿರುವಾಗ ವಿಮಾನಗಳ ನಡುವಣ ದೂರ 1250 ಮೀಟರ್. 10 ಮೀಟರ್ ರೆಕ್ಕೆಯ ಹರವು ಆಗ ಹುಣ್ಣಿಮೆಯ ಚಂದ್ರನ ಅಗಲಕ್ಕಿಂತ ತುಸು ಕಡಿಮೆಯಾಗಿ ಕಾಣುತ್ತದೆ. ಒಡಲಂತೂ ಬರಿಯ ಚುಕ್ಕೆ. ಉಳಿದ ಸಮಯ ಅರ್ಧವಾದಂತೆಲ್ಲ ತೋರಿಕೆಯ ಗಾತ್ರ ಇಮ್ಮಡಿಸುತ್ತದೆ. ಚುಕ್ಕೆಯು ಪರ್ವತವಾಗುವುದು ಕಟ್ಟಕಡೆಯ ಎರಡು ಮೂರು ಸೆಕೆಂಡುಗಳಲ್ಲಿ. ಹೀಗಿರಲು, "ನೋಡಿ ತಪ್ಪಿಸಿಕೊ" ಎಂಬ ನಿಯಮವೊಂದನ್ನೇ ನೆಚ್ಚಿ ಕೂರುವುದು ವಿವೇಕವಲ್ಲ.

ದೊಡ್ಡ ಪ್ರಯಾಣಿಕ ವಿಮಾನಗಳಲ್ಲಿ ಡಿಕ್ಕಿಯ ಮುನ್ಸೂಚನೆ ಕೊಡುವ ಉಪಕರಣ ಕಡ್ಡಾಯವಾಗಿದೆ. ಸಣ್ಣವುಗಳಲ್ಲಿ ಬಹುಮಟ್ಟಿಗೆ ಹಾಗಿಲ್ಲ. ಉಪಕರಣಗಳು ಬೇಕು, ನಿಜ. ಆದರೆ ಎಲ್ಲಿ ಅಪಾಯ ಅಡಗಿದೆಯೆಂಬುದನ್ನು ಮೊದಲು ತಿಳಿಸಬಲ್ಲವನು, ಅದರಿಂದ ಪಾರಾಗಿ ಬಂದವನೇ. ಅವನು ಬಾಯಿ ಬಿಡದಿದ್ದರೆ ಏನಾದೀತು? 1974ನೆಯ ಇಸವಿ ಡಿಸೆಂಬರ್ 1ರಂದು ವಾಷಿಂಗ್ಟನ್ನಿನ ಡಲ್ಲಸ್ ನಿಲ್ದಾಣಕ್ಕೆ ಇಳಿಯಲಿದ್ದ ಪ್ರಯಾಣಿಕ ವಿಮಾನವೊಂದು, ಅನುಮತಿಯ ಮಾತಿನ ಅರ್ಥದಲ್ಲಿ ಉಂಟಾದ ಗೊಂದಲದಿಂದ ಅಕಾಲದಲ್ಲಿ ಕೆಳಗಿಳಿದು ವರ್ಜೀನಿಯದ ಮೌಂಟ್ ವೆದರ್ ಎಂಬ ಬೆಟ್ಟಕ್ಕೆ ಬಡಿಯಿತು. 92 ಜನ ಮಡಿದರು. ಕೆಲವೇ ವಾರಗಳ ಮೊದಲು ಮತ್ತೊಂದು ಕಂಪನಿಯ ವಿಮಾನ ಅದೇ ಸ್ಥಳದಲ್ಲಿ ಇಂಥದೇ ಗಂಡಾಂತರದಿಂದ ಪಾರಾಗಿತ್ತು. ಆ ಕಂಪನಿಯ ಚಾಲಕರಿಗೆ ಎಚ್ಚರಿಕೆ ದೊರೆತಿತ್ತು; ಉಳಿದವರಿಗೆ ಅದು ಮುಟ್ಟಿರಲಿಲ್ಲ.

ಆ ದುರಂತದ ಪಾಠವಾಗಿ 1976ರಲ್ಲಿ ಅಮೆರಿಕದಲ್ಲಿ ಹೊಸ ಏರ್ಪಾಡೊಂದು ಮೊದಲಾಯಿತು. ಚಾಲಕರೂ ನಿಯಂತ್ರಕರೂ ತಮ್ಮ ತಪ್ಪನ್ನು ಶಿಕ್ಷಿಸುವ ಇಲಾಖೆಗೆ ಬದಲಾಗಿ ನಾಸಾ ಸಂಸ್ಥೆಗೆ ಬರೆದು ಕಳುಹಿಸಬಹುದು. ಅಲ್ಲಿ ಬರೆದವರ ಹೆಸರನ್ನು ಅಳಿಸಿ, ಪಾಠವನ್ನು ಎಲ್ಲರಿಗೂ ಹಂಚುತ್ತಾರೆ.

ತಪ್ಪಿತಸ್ಥರನ್ನು ದಂಡಿಸದೆ ಬಿಟ್ಟರೆ ಶಿಸ್ತು ಉಳಿದೀತೇ ಎಂಬ ಆಕ್ಷೇಪವುಂಟು. ಬೇಕೆಂದೇ ಮಾಡಿದ ಅಪರಾಧಕ್ಕೆ ದಂಡನೆ ಇರಲೇಬೇಕು. ಆ ಏರ್ಪಾಡಿನಲ್ಲಿಯೂ ಅದಕ್ಕೆ ರಿಯಾಯಿತಿಯಿಲ್ಲ. ಆದರೆ ಅರಿಯದೆ ಆದ ತಪ್ಪನ್ನು ಹೇಳಿದವನನ್ನೇ ದಂಡಿಸಿದರೆ, ತಪ್ಪು ನಿಲ್ಲುವುದಿಲ್ಲ, ಹೇಳುವುದು ನಿಲ್ಲುತ್ತದೆ.

ಪ್ರಯೋಗಶಾಲೆಯಲ್ಲಿ ಪ್ರತಿವರ್ಷವೂ ಒಂದು ದೃಶ್ಯವನ್ನು ನಾನು ಕಾಣುತ್ತೇನೆ. ರೇಖೆಗೆ ಹೊಂದದ ಅಳತೆಯೊಂದು ಬಂದರೆ, ವಿದ್ಯಾರ್ಥಿಯು ಅತ್ತಿತ್ತ ನೋಡಿ ಅದನ್ನು ರಬ್ಬರಿನಿಂದ ಅಳಿಸುತ್ತಾನೆ. ಅಂಕ ಹೋದೀತೆಂಬ ಭಯ ಅವನದು. ಆ ಭಯವನ್ನು ಹುಟ್ಟಿಸಿದವರು ಅಧ್ಯಾಪಕರಾದ ನಾವು. ಆ ಅಳತೆಯನ್ನು ಹಾಗೆಯೇ ಉಳಿಸಿ, ಅದೇಕೆ ಹಾಗೆ ಬಂತೆಂದು ಬರೆದವನಿಗೆ ನಾವು ಅಂಕ ಕೊಡುವುದನ್ನು ಕಲಿಯಬೇಕು. ಇಂದು ಅಳತೆಯನ್ನು ಅಳಿಸಲು ಕಲಿತ ಕೈ, ನಾಳೆ ವಿಮಾನದ ದಿನಚರಿಯನ್ನು ಬರೆಯುವ ಕೈಯಾಗಬಹುದು.